ಗಸಗಸೆಯ ಹೂವು, ಗಸಗಸೆಯ ಹಾಲು

ಗಸಗಸೆಯನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು ಪಾಯಸದ ಮೂಲಕ. ಆ ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಗಿಡವನ್ನೇ ನೋಡಬೇಕೆಂದರೆ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಪಡೆದ ರೈತರ ಹೊಲಗಳಿಗೆ ಹೋಗಬೇಕು. ಹೂವಿನ ಎಸಳು ತಳಿಗೆ ತಕ್ಕಂತೆ ಬಿಳಿ, ನಸುಗೆಂಪು ಅಥವಾ ನೇರಳೆ. ಎಸಳು ಉದುರಿದ ಮೇಲೆ ಉಳಿಯುವ ಹಸಿರು ಕಾಯಿಗೆ ಗೀರು ಹಾಕಿದರೆ ಹಾಲಿನಂಥ ಸೊನೆ ಒಸರುತ್ತದೆ. ಅದು ಒಣಗಿ ಕಂದುಬಣ್ಣಕ್ಕೆ ತಿರುಗಿದರೆ ಅಫೀಮು. ಎಸಳಿನ ಕೆಂಪು-ನೇರಳೆಗಳಿಗೆ ಕಾರಣವಾದ ವಸ್ತುಗಳು ಫ್ಲೇವನಾಯ್ಡ್ ಎಂಬ ದೊಡ್ಡ ರಾಸಾಯನಿಕ ಕುಟುಂಬಕ್ಕೆ ಸೇರಿದವು. ಸೊನೆಯಲ್ಲಿರುವ ಮಾರ್ಫಿನ್ ಆಲ್ಕಲಾಯ್ಡ್ ಎಂಬ ಇನ್ನೊಂದು ಕುಟುಂಬದ್ದು. ಈ ಎರಡು ಕುಟುಂಬಗಳ ಚರಿತ್ರೆಯನ್ನೂ ಓದುತ್ತ ಹೋದರೆ ಎರಡರಲ್ಲೂ ಒಂದೇ ಹೆಸರು ಎದುರಾಗುತ್ತದೆ: ಸರ್ ರಾಬರ್ಟ್ ರಾಬಿನ್ಸನ್.

ಮೂರು ದಶಕ ಕಾಲೇಜಿನಲ್ಲಿ ಸಾವಯವ ರಸಾಯನಶಾಸ್ತ್ರ ಕಲಿಸಿದ ನನಗೆ ಈ ಹೆಸರು ಕರಿಹಲಗೆಯ ಮೇಲಿನ ಬಿಳಿ ಗೆರೆಗಳಷ್ಟೇ ಪರಿಚಿತ. ಈಗ ಅವರನ್ನು ನೆನೆಯಲು ಬೇರೊಂದು ಕಾರಣವಿದೆ. ಹಣ್ಣು, ತರಕಾರಿ, ಹೂವುಗಳ ಫ್ಲೇವನಾಯ್ಡ್‌ಗಳು ಅಫೀಮು, ಹೆರಾಯಿನ್ ಮುಂತಾದವುಗಳ ಚಟ ಬಿಡುವಾಗಿನ ಯಾತನೆಯನ್ನು ತಗ್ಗಿಸಬಲ್ಲವು ಎಂಬ ಮಾತು ಪ್ರಯೋಗಾಲಯದಿಂದ ಹೊರಬಿದ್ದು ಮನೆಮನೆಯ ಆಸೆಯಾಗಿ ಬೆಳೆದಿದೆ. ಆ ಆಸೆ ಎಲ್ಲಿಯವರೆಗೆ ನಿಜ ಎಂಬುದನ್ನು ಅಳೆಯಲು ರಾಬಿನ್ಸನ್ನರ ಬದುಕಿಗಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

1886ರ ಸೆಪ್ಟೆಂಬರ್ 13ರಂದು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಚೆಸ್ಟರ್‌ಫೀಲ್ಡ್ ಪಟ್ಟಣದ ಬಳಿ ಅವರು ಹುಟ್ಟಿದರು. ತಂದೆ ಗಾಯಕ್ಕೆ ಕಟ್ಟುವ ಹತ್ತಿ, ಬಟ್ಟೆಗಳನ್ನು ತಯಾರಿಸುತ್ತಿದ್ದ ಉದ್ಯಮಿ. ಯಂತ್ರಗಳನ್ನು ತಾವೇ ಕಲ್ಪಿಸಿ ಕಟ್ಟಿಸುವಷ್ಟು ಚತುರರು. ಮಗನ ಒಲವು ಗಣಿತದ ಕಡೆಗಿತ್ತು. ಕಾರ್ಖಾನೆಗೆ ಉಪಯೋಗಕ್ಕೆ ಬರುವ ವಿದ್ಯೆ ಬೇಕೆಂದು ತಂದೆ ಅವರನ್ನು ರಸಾಯನಶಾಸ್ತ್ರಕ್ಕೆ ಸೇರಿಸಿದರು. ಅಪ್ಪಂದಿರ ಇಂಥ ತೀರ್ಮಾನಗಳು ನಮ್ಮಲ್ಲಿ ಎಷ್ಟು ಮನೆಗಳನ್ನು ಕಹಿಗೊಳಿಸಿವೆಯೋ ಲೆಕ್ಕವಿಲ್ಲ. ಇಲ್ಲಿ ಮಾತ್ರ ಆ ಒತ್ತಾಯ ಫಲಿಸಿತು, ಗಣಿತವೂ ಕಳೆದುಹೋಗಲಿಲ್ಲ. ರಾಬಿನ್ಸನ್ ಅಣುಗಳ ಬಗ್ಗೆ ಯೋಚಿಸಿದ ಕ್ರಮದಲ್ಲಿ ಸೂತ್ರವೊಂದನ್ನು ಬಿಡಿಸುವವನ ಶಿಸ್ತು ಕೊನೆಯವರೆಗೂ ಇತ್ತು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅವರ ಗುರು ಡಬ್ಲ್ಯು.ಎಚ್. ಪರ್ಕಿನ್ ಜೂನಿಯರ್. 1856ರಲ್ಲಿ ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದ ಪರ್ಕಿನ್ನರ ಮಗ ಇವರು. ಶಿಷ್ಯನಿಗೆ ಅವರು ಕೊಟ್ಟ ಮೊದಲ ದೊಡ್ಡ ಸಮಸ್ಯೆ ಬ್ರೆಜಿಲಿನ್ ಎಂಬ ಮರದ ಬಣ್ಣ. ಕೇರಳದ ಹೋಟೆಲುಗಳಲ್ಲಿ ಕುಡಿಯುವ ನೀರಿಗೆ ನಸುಗೆಂಪು ಬರಿಸುವ ಪತಿಮುಖದ ಚಕ್ಕೆಯಲ್ಲಿರುವುದೂ ಇದೇ ವಸ್ತು. ಫ್ಲೇವನಾಯ್ಡ್‌ಗಳಿಗೆ ಅದು ದೂರದ ನಂಟ. ಸಸ್ಯದ ಬಣ್ಣಗಳ ಗೀಳು ರಾಬಿನ್ಸನ್ನರಿಗೆ ಹತ್ತಿದ್ದು ಅಲ್ಲಿಂದ.

1912ರಲ್ಲಿ, 26ನೆಯ ವಯಸ್ಸಿಗೆ, ಅವರು ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಾವಯವ ರಸಾಯನಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಸಹಪಾಠಿ ಗರ್ಟ್ರೂಡ್ ವಾಲ್ಷ್ ಅವರನ್ನು ಮದುವೆಯಾದದ್ದೂ ಆ ವರ್ಷವೇ. ಮೂರು ವರ್ಷಗಳ ನಂತರ ಲಿವರ್‌ಪೂಲಿಗೆ ಬಂದರು. ಮುಂದೆ ಬಣ್ಣದ ಉದ್ಯಮದಲ್ಲಿ ಸ್ವಲ್ಪ ಕಾಲ, ಬಳಿಕ ಸೇಂಟ್ ಆಂಡ್ರೂಸ್, ಮ್ಯಾಂಚೆಸ್ಟರ್, ಲಂಡನ್. 1930ರಿಂದ 1955ರವರೆಗೆ ಆಕ್ಸ್‌ಫರ್ಡ್.

ಲಿವರ್‌ಪೂಲಿನಲ್ಲಿದ್ದಾಗ, 1917ರಲ್ಲಿ ಪ್ರಕಟಿಸಿದ ಒಂದು ಕೆಲಸ ಇಂದಿಗೂ ಪಾಠದಲ್ಲಿ ಉಳಿದಿದೆ. ಟ್ರೋಪಿನೋನ್ ಎಂಬ ಆಲ್ಕಲಾಯ್ಡ್ ಅಣುವನ್ನು ಜರ್ಮನಿಯ ವಿಲ್‌ಸ್ಟಾಟರ್ ಅದಕ್ಕೆ ಮೊದಲೇ ಕಟ್ಟಿದ್ದರು. ಆದರೆ ಅನೇಕ ಹಂತಗಳನ್ನು ದಾಟಿ ಕೊನೆಗೆ ಕೈಗೆ ಸಿಕ್ಕಿದ್ದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ರಾಬಿನ್ಸನ್ ಮೂರು ಸರಳ ಪದಾರ್ಥಗಳನ್ನು ನೀರಿನಲ್ಲಿ ಕೂಡಿಸಿ, ಒಂದೇ ಪಾತ್ರೆಯಲ್ಲಿ ಅದನ್ನು ಪಡೆದರು. ಇದನ್ನು ಕಲಿಸುವಾಗ ತರಗತಿ ಸದ್ದಿಲ್ಲದೆ ಕೂತಿರುತ್ತಿದ್ದುದು ನನಗೆ ನೆನಪಿದೆ. ಅವರು ಅದರಿಂದ ಹಿಡಿದ ಎಳೆ ಇನ್ನೂ ದೊಡ್ಡದು. ಗಿಡಕ್ಕೆ ಕುದಿಯುವ ಆಮ್ಲವಿಲ್ಲ, ಒತ್ತಡದ ಪಾತ್ರೆಯಿಲ್ಲ; ಬಿಸಿಲು, ನೀರು, ಹದವಾದ ಉಷ್ಣಾಂಶಗಳಲ್ಲಿಯೇ ಅದು ಈ ಜಟಿಲ ವಸ್ತುಗಳನ್ನು ಮಾಡಬೇಕು. ಹಾಗಾದರೆ ಅದರ ದಾರಿ ಸರಳವಾಗಿರಲೇಬೇಕು, ಸಾಮಾನ್ಯ ಅಮೈನೋ ಆಮ್ಲಗಳಿಂದಲೇ ಅದು ಹೊರಡಬೇಕು ಎಂದು ಅವರು ತರ್ಕಿಸಿದರು. ರಚನೆ ಗೊತ್ತಿಲ್ಲದ ಅಣುವಿನ ಮುಂದೆ ಕೂತಾಗ, ಗಿಡ ಇದನ್ನು ಹೇಗೆ ಕಟ್ಟಿರಬಹುದು ಎಂದು ಮೊದಲು ಕೇಳಿಕೊಳ್ಳುವುದು ಅವರ ರೂಢಿಯಾಯಿತು.

ಮಾರ್ಫಿನ್ ಶರಣಾದದ್ದು ಈ ಪ್ರಶ್ನೆಗೆ. ಜರ್ಮನಿಯ ಔಷಧಕಾರ ಸೆರ್ಟುರ್ನರ್ 19ನೆಯ ಶತಮಾನದ ಆರಂಭದಲ್ಲಿ ಅದನ್ನು ಅಫೀಮಿನಿಂದ ಬೇರ್ಪಡಿಸಿದ್ದರು. ಇಂಗಾಲದ 17, ಜಲಜನಕದ 19, ಸಾರಜನಕದ ಒಂದು ಮತ್ತು ಆಮ್ಲಜನಕದ ಮೂರು ಪರಮಾಣುಗಳಿಂದ ಅದು ಆಗಿದೆ ಎಂಬುದು 1847ರಲ್ಲಿ ಗೊತ್ತಾಯಿತು. ಈ 40 ಪರಮಾಣುಗಳು ಯಾವುದಕ್ಕೆ ಯಾವುದು ಅಂಟಿಕೊಂಡಿವೆ ಎಂಬುದನ್ನು ತಿಳಿಯಲು ಮತ್ತೆ 78 ವರ್ಷ ಬೇಕಾದವು. ಅಣುವನ್ನು ಕಣ್ಣಿಂದ ನೋಡುವ ಯಂತ್ರ ಆಗ ಇರಲಿಲ್ಲ. ವಸ್ತುವನ್ನು ಸುಡುವುದು, ಆಮ್ಲದಲ್ಲಿ ಒಡೆಯುವುದು, ಸತುವಿನ ಪುಡಿಯೊಡನೆ ಕಾಯಿಸುವುದು, ಉಳಿದ ಚೂರುಗಳನ್ನು ಗುರುತಿಸಿ ಇಡಿಯದರ ರೂಪ ಊಹಿಸುವುದು, ಇಷ್ಟೇ ದಾರಿ. ಆದರೆ ಮಾರ್ಫಿನ್ ಒಡೆಯುವಾಗ ತನ್ನ ಅಸ್ಥಿಪಂಜರವನ್ನೇ ಬದಲಿಸಿಕೊಂಡುಬಿಡುತ್ತದೆ. ಚೂರುಗಳನ್ನು ನಂಬಿದವರು ಹಲವು ಬಗೆಯ ಚಿತ್ರಗಳನ್ನು ಬರೆದರು. ಸಾರಜನಕವನ್ನು ಹೊತ್ತ ಎಳೆ ಎಲ್ಲಿ ಸೇರುತ್ತದೆ ಎಂಬಲ್ಲಿ ಎಲ್ಲರೂ ಎಡವಿದರು.

ಮ್ಯಾಂಚೆಸ್ಟರ್‌ನಲ್ಲಿದ್ದ ರಾಬಿನ್ಸನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಜಾನ್ ಮ್ಯಾಸನ್ ಗಲ್ಲಂಡ್ 1923ರಿಂದ 1925ರ ನಡುವೆ ಈ ಗಂಟನ್ನು ಬಿಡಿಸಿದರು. ಅಫೀಮಿನಲ್ಲಿಯೇ ಇರುವ, ರಚನೆ ಗೊತ್ತಿದ್ದ ಬೇರೆ ಆಲ್ಕಲಾಯ್ಡ್‌ಗಳ ಚೌಕಟ್ಟನ್ನು ಒಂದು ರೀತಿಯಲ್ಲಿ ಮಡಚಿದರೆ ಮಾರ್ಫಿನ್ನಿನ ಚೌಕಟ್ಟು ಬರುತ್ತದೆ ಎಂದು ಅವರು ಕಂಡರು. ಗಿಡವೂ ಹೀಗೆಯೇ ಮಡಚುತ್ತಿರಬೇಕು ಎಂಬ ಊಹೆ ಪ್ರಯೋಗಗಳ ಎಲ್ಲ ತೊಡಕುಗಳಿಗೂ ಉತ್ತರ ಕೊಟ್ಟಿತು. 1952ರಲ್ಲಿ ಅಮೆರಿಕದ ಮಾರ್ಷಲ್ ಗೇಟ್ಸ್ ಮಾರ್ಫಿನ್ ಅನ್ನು ಪ್ರಯೋಗಾಲಯದಲ್ಲಿ ಸಂಪೂರ್ಣವಾಗಿ ಕಟ್ಟಿದಾಗ ಆ ರಚನೆ ಖಚಿತವಾಯಿತು. 1960ರ ದಶಕದಲ್ಲಿ ವಿಕಿರಣಶೀಲ ಗುರುತಿನ ಪರಮಾಣುಗಳನ್ನು ಗಿಡಕ್ಕೆ ಉಣಿಸಿ ಬಾರ್ಟನ್ ಮತ್ತು ಬ್ಯಾಟರ್ಸ್‌ಬಿ ನಡೆಸಿದ ಪ್ರಯೋಗಗಳು ಮಡಚುವಿಕೆಯ ಊಹೆಯನ್ನೂ ಸಮರ್ಥಿಸಿದವು. ಗಲ್ಲಂಡ್ ಇವಾವುದನ್ನೂ ನೋಡಲಿಲ್ಲ. 1947ರ ಅಕ್ಟೋಬರ್‌ನಲ್ಲಿ ಗಾಸ್‌ವಿಕ್ ಎಂಬಲ್ಲಿ ನಡೆದ ರೈಲು ದುರಂತದಲ್ಲಿ ಅವರು ತೀರಿಕೊಂಡರು. ಸಸ್ಯಜನ್ಯ ವಸ್ತುಗಳ, ಅದರಲ್ಲೂ ಆಲ್ಕಲಾಯ್ಡ್‌ಗಳ ಅಧ್ಯಯನಕ್ಕಾಗಿ ರಾಬಿನ್ಸನ್ನರಿಗೆ ನೊಬೆಲ್ ಬಂದದ್ದು ಅದೇ ವರ್ಷ.

ಹೂವಿನ ಬಣ್ಣದ ಕೆಲಸ ಇದರ ಜೊತೆಜೊತೆಗೇ ನಡೆದಿತ್ತು. 1924ರಲ್ಲಿ ಜೇಮ್ಸ್ ಅಲನ್ ಜೊತೆ ಫ್ಲೇವೋನುಗಳನ್ನು ಕಟ್ಟುವ ವಿಧಾನವೊಂದನ್ನು ಅವರು ರೂಪಿಸಿದರು. ಪಠ್ಯಪುಸ್ತಕಗಳಲ್ಲಿ ಅದು ಇಬ್ಬರ ಹೆಸರಿನಲ್ಲಿಯೂ ಇದೆ. ಬಳಿಕ ಆಂಥೋಸಯನಿನ್‌ಗಳು, ಅಂದರೆ ದಾಸವಾಳದ ಕೆಂಪು, ಶಂಖಪುಷ್ಪದ ನೀಲಿಗಳನ್ನು ಕೊಡುವ ಫ್ಲೇವನಾಯ್ಡ್‌ಗಳು. ಈ ಕೆಲಸದ ಅರ್ಧಭಾಗ ಗರ್ಟ್ರೂಡ್ ರಾಬಿನ್ಸನ್ನರದು. ಒಂದೆರಡು ಎಸಳು, ಕೆಲವು ಪರೀಕ್ಷಾನಳಿಕೆಗಳು, ಇಷ್ಟರಿಂದಲೇ ಹೂವಿನಲ್ಲಿರುವ ವರ್ಣಕವನ್ನು ಗುರುತಿಸುವ ಕ್ರಮವನ್ನು ದಂಪತಿ ಬೆಳೆಸಿದರು. 1931ರಲ್ಲಿ ಆರಂಭವಾದ ಅವರ ಸಮೀಕ್ಷೆಯ ಪ್ರಬಂಧಗಳಲ್ಲಿ ಮೊದಲ ಹೆಸರು ಗರ್ಟ್ರೂಡ್ ಅವರದೇ. ಒಂದೇ ವರ್ಣಕ ಒಂದು ಹೂವಿನಲ್ಲಿ ಕೆಂಪಾಗಿಯೂ ಇನ್ನೊಂದರಲ್ಲಿ ನೀಲಿಯಾಗಿಯೂ ಕಾಣಲು ಪಕ್ಕದಲ್ಲಿರುವ ಬಣ್ಣವಿಲ್ಲದ ಸಂಗಾತಿ ವಸ್ತುಗಳೂ ಕಾರಣ ಎಂಬ ವಿಚಾರ ಅಲ್ಲಿ ಬಂದದ್ದು. ಪ್ರಶಸ್ತಿಗಳ ಪಟ್ಟಿಗಳಲ್ಲಿ ಗರ್ಟ್ರೂಡ್ ಕಾಣದಿರುವುದು ನನಗೆ ಪ್ರತಿ ಸಲವೂ ಚುಚ್ಚುತ್ತದೆ.

ಭಾರತಕ್ಕೆ ಈ ವಿದ್ಯೆ ಬಂದದ್ದು ಮ್ಯಾಂಚೆಸ್ಟರ್‌ನಲ್ಲಿ ರಾಬಿನ್ಸನ್ನರ ಬಳಿ ಕಲಿತ ಇಬ್ಬರಿಂದ. ಟಿ.ಆರ್. ಶೇಷಾದ್ರಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ, ನಂತರ ದೆಹಲಿಯಲ್ಲಿ, ಹತ್ತಿ ಹೂವಿನಿಂದ ಹಿಡಿದು ಅಸಂಖ್ಯ ಸಸ್ಯಗಳ ಫ್ಲೇವನಾಯ್ಡ್‌ಗಳನ್ನು ಬಿಡಿಸಿದರು. ಕೆ. ವೆಂಕಟರಾಮನ್ ಲಾಹೋರಿನ ಕಾಲೇಜೊಂದರಲ್ಲಿದ್ದಾಗ ಫ್ಲೇವೋನು ತಯಾರಿಕೆಗೆ ದಾರಿಯಾಗುವ ಕ್ರಿಯೆಯೊಂದನ್ನು ಕಂಡುಹಿಡಿದರು. ಇಂಗ್ಲೆಂಡಿನ ಬೇಕರ್ ಹೆಸರಿನೊಂದಿಗೆ ಅವರ ಹೆಸರೂ ಸೇರಿ ಅದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬಳಕೆಯಲ್ಲಿದೆ. ಮುಂದೆ ಅವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾದರು.

ಮನುಷ್ಯರಾಗಿ ರಾಬಿನ್ಸನ್ ಸುಲಭದವರಲ್ಲ. ಸಿಟ್ಟು ಬೇಗ. ರಸಾಯನಕ್ರಿಯೆಗಳಲ್ಲಿ ಎಲೆಕ್ಟ್ರಾನುಗಳು ಹೇಗೆ ಸರಿಯುತ್ತವೆ ಎಂಬುದನ್ನು ತೋರಿಸುವ ಬಾಗಿದ ಬಾಣದ ಗುರುತನ್ನು 1922ರಲ್ಲಿ ಮೊದಲು ಬಳಸಿದವರಲ್ಲಿ ಅವರೊಬ್ಬರು. ಆ ಸಿದ್ಧಾಂತದ ಕೀರ್ತಿ ಲಂಡನ್ನಿನ ಕ್ರಿಸ್ಟೋಫರ್ ಇಂಗೋಲ್ಡ್ ಅವರಿಗೆ ಹೋಯಿತೆಂಬ ನೋವನ್ನು ಅವರು ಜೀವನಪರ್ಯಂತ ಹೊತ್ತರು. ಪೆನಿಸಿಲಿನ್ ರಚನೆಯ ವಿಷಯದಲ್ಲಿ ತಮ್ಮದೇ ಚಿತ್ರ ಸರಿಯೆಂದು ಹಠ ಹಿಡಿದಿದ್ದಾಗ, ಆಕ್ಸ್‌ಫರ್ಡಿನಲ್ಲಿಯೇ ಇದ್ದ ಡೊರೊತಿ ಹಾಜ್ಕಿನ್ 1945ರಲ್ಲಿ ಕ್ಷ-ಕಿರಣಗಳಿಂದ ಅದು ತಪ್ಪೆಂದು ತೋರಿಸಿದರು. ಹತ್ತು ವರ್ಷಗಳ ನಂತರ, ರಾಬಿನ್ಸನ್ ನಿವೃತ್ತರಾದ ವರ್ಷ, ಅದೇ ಹಾಜ್ಕಿನ್ ತಮ್ಮ ಸಹೋದ್ಯೋಗಿ ಮೌರೀನ್ ಮೆಕೇ ಜೊತೆ ಮಾರ್ಫಿನ್ ಹರಳನ್ನು ಪರೀಕ್ಷಿಸಿದರು. ಅಲ್ಲಿ ಗೆದ್ದದ್ದು ರಾಬಿನ್ಸನ್. ಬೆಟ್ಟ ಹತ್ತುವುದು, ಚದುರಂಗ ಅವರ ಹವ್ಯಾಸ. ಬ್ರಿಟಿಷ್ ಚದುರಂಗ ಒಕ್ಕೂಟಕ್ಕೆ 1950ರಿಂದ 1953ರವರೆಗೆ ಅಧ್ಯಕ್ಷರಾಗಿದ್ದರು. ಅದಕ್ಕೆ ಮುಂಚಿನ ಐದು ವರ್ಷ ರಾಯಲ್ ಸೊಸೈಟಿಯ ಅಧ್ಯಕ್ಷತೆ.

ಆಕ್ಸ್‌ಫರ್ಡಿನ ಕೊನೆಯ ವರ್ಷಗಳಲ್ಲಿ ಅವರ ಬಳಿ ಕೆಲಸ ಮಾಡಿದವರಲ್ಲಿ ಕೆನೆತ್ ಬೆಂಟ್ಲಿ ಎಂಬ ತರುಣನಿದ್ದ. ಅಫೀಮಿನಲ್ಲಿ ಮಾರ್ಫಿನ್ ಜೊತೆಗಿರುವ ಥೀಬೈನ್ ಎಂಬ ವಸ್ತು ಅವನ ವಿಷಯ. ಥೀಬೈನ್ ನೋವನ್ನು ತಣಿಸುವುದಿಲ್ಲ, ಹೆಚ್ಚಾದರೆ ಸೆಳವು ತರುತ್ತದೆ. ಔಷಧಿಯಾಗಿ ನಿರುಪಯೋಗಿ. ಬೆಂಟ್ಲಿ ಮುಂದೆ ರೆಕಿಟ್ ಕಂಪನಿಯ ಸಂಶೋಧನೆಗೆ ಸೇರಿದರು. ಡೆಟಾಲ್ ಮೂಲಕ ನಮ್ಮ ಮನೆಗಳಿಗೆಲ್ಲ ಪರಿಚಿತವಾದ ಕಂಪನಿಯದು. ಅಲ್ಲಿ ಥೀಬೈನಿನ ಮೇಲೆ ಇನ್ನಷ್ಟು ಕಟ್ಟುತ್ತ ಹೋಗಿ ಅವರೂ ಸಂಗಡಿಗರೂ 1966ರಲ್ಲಿ ಬುಪ್ರಿನಾರ್ಫಿನ್ ಪಡೆದರು. ಮೆದುಳಿನ ಜೀವಕೋಶಗಳ ಮೇಲೆ ಅಫೀಮಿನ ವಸ್ತುಗಳು ಕೂರುವ ಬೀಗಗಳಂಥ ತಾಣಗಳಿವೆ. ಬುಪ್ರಿನಾರ್ಫಿನ್ ಆ ಬೀಗದಲ್ಲಿ ಗಟ್ಟಿಯಾಗಿ ಕೂತು, ಅರ್ಧ ಮಾತ್ರ ತಿರುಗುವ ಕೀಲಿ. ಹಾಗಾಗಿ ಚಟ ಬಿಡುವವನ ಯಾತನೆ ಇಳಿಯುತ್ತದೆ, ಅಮಲು ಏರುವುದಿಲ್ಲ, ಮೇಲೆ ಹೆರಾಯಿನ್ ಬಂದರೂ ಅದಕ್ಕೆ ಜಾಗ ಸಿಗುವುದು ಕಷ್ಟ. ಮೆಥಡೋನ್ ಜೊತೆಗೆ ಇಂದು ಜಗತ್ತಿನಾದ್ಯಂತ ಈ ಚಿಕಿತ್ಸೆಯ ಆಧಾರ ಇದೇ. ನಮ್ಮ ದೇಶದಲ್ಲೂ ವೈದ್ಯರ ನಿಗಾದಲ್ಲಿ, ನಾಲಿಗೆಯಡಿ ಇಡುವ ಮಾತ್ರೆಯಾಗಿ ಇದನ್ನು ಕೊಡುತ್ತಾರೆ.

ಗಸಗಸೆಯ ಹಾಲಿನ ಕಡೆಯಿಂದ ಹೊರಟ ವಿದ್ಯೆ ಹೀಗೆ ರೋಗಿಯ ಹಾಸಿಗೆಯವರೆಗೆ ಬಂದಿದೆ. ಹೂವಿನ ಬಣ್ಣದ ಕಡೆಯದು ಎಲ್ಲಿಗೆ ಬಂದಿದೆ?

ಅಫೀಮಿನ ವಸ್ತುಗಳಿಗೆ ಒಗ್ಗಿದ ದೇಹದಿಂದ ಅವನ್ನು ಏಕಾಏಕಿ ಕಿತ್ತುಕೊಂಡರೆ, ಅದುವರೆಗೆ ಒತ್ತಿಹಿಡಿದಿದ್ದ ನರಗಳು ಒಮ್ಮೆಗೇ ಚಿಮ್ಮುತ್ತವೆ. ಕಣ್ಣು-ಮೂಗಿನಲ್ಲಿ ನೀರು, ನಿಲ್ಲದ ಆಕಳಿಕೆ, ಚಳಿ, ಸ್ನಾಯುಗಳ ಸೆಳೆತ, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು. 1998ರಲ್ಲಿ ಇಟಲಿಯ ಸಂಶೋಧಕರು ಗಿನಿಪಿಗ್‌ನ ಸಣ್ಣಕರುಳಿನ ತುಂಡಿನ ಮೇಲೆ ಇದನ್ನು ಪರೀಕ್ಷಿಸಿದರು. ಆ ತುಂಡಿಗೆ ಮಾರ್ಫಿನ್ ಕೊಟ್ಟು, ಬಳಿಕ ಅದರ ಪ್ರಭಾವವನ್ನು ಕಳೆಯುವ ನಾಲಾಕ್ಸೋನ್ ಹಾಕಿದರೆ ಕರುಳು ಬಲವಾಗಿ ಮುದುಡುತ್ತದೆ. ಫ್ಲೇವನಾಯ್ಡ್‌ಗಳಿದ್ದಾಗ ಆ ಮುದುಡುವಿಕೆ ಕಡಿಮೆಯಾಯಿತು. 2003ರಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದವರು ಈರುಳ್ಳಿಯಲ್ಲಿ ಹೇರಳವಾಗಿರುವ ಕ್ವರ್ಸೆಟಿನ್ ಎಂಬ ಫ್ಲೇವನಾಯ್ಡ್ ಅನ್ನು ಪ್ರಾಣಿಗಳಿಗೆ ಕೊಟ್ಟು, ಮಾರ್ಫಿನ್ ಅವಲಂಬನೆ ತಗ್ಗುವುದನ್ನು ಕಂಡರು. ಟೆಹರಾನಿನಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನ ಮನುಷ್ಯರ ಮೇಲಿನದು. ಕೊಡಗಿನಲ್ಲಿ ಬೆಳೆಯುವ ಪ್ಯಾಶನ್ ಫ್ರೂಟ್‌ನ ಸೋದರಬಳ್ಳಿಯೊಂದರ, ಫ್ಲೇವನಾಯ್ಡ್‌ಗಳಿರುವ ಸಾರವನ್ನು ಕ್ಲೊನಿಡಿನ್ ಎಂಬ ಮಾಮೂಲಿ ಔಷಧದ ಜೊತೆಗೆ ಕೊಟ್ಟಾಗ, ಕ್ಲೊನಿಡಿನ್ ಮಾತ್ರ ಪಡೆದವರಿಗಿಂತ ಇವರಲ್ಲಿ ತಳಮಳ, ಆತಂಕಗಳು ಕಡಿಮೆಯಾದವು. ಭಾಗವಹಿಸಿದವರು 65 ಮಂದಿ, ಅವಧಿ 14 ದಿನ.

ಇವು ಕಡೆಗಣಿಸುವ ಫಲಿತಾಂಶಗಳಲ್ಲ. ಹೂವಿನ ಬಣ್ಣದ ಬಂಧುಗಳಿಗೆ ನರಗಳ ಮೇಲೆ ಏನೋ ಪ್ರಭಾವವಿದೆ ಎಂಬುದಕ್ಕೆ ಸುಳಿವುಗಳು. ಆದರೆ ಕರುಳಿನ ತುಂಡಿಗೆ ತಗುಲಿದಷ್ಟು ಕ್ವರ್ಸೆಟಿನ್ ತಿಂದವನ ಮೆದುಳಿಗೆ ತಲುಪುವುದಿಲ್ಲ. ಅದು ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ, ಹೀರಲ್ಪಟ್ಟದ್ದನ್ನು ದೇಹ ಬೇಗನೆ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತದೆ. ಈರುಳ್ಳಿ ತಿಂದು ಅಫೀಮು ಬಿಟ್ಟವರಿಲ್ಲ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಿಡಮೂಲಿಕೆ ಪುಡಿಯ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ನೋವಿನ ಮಾತ್ರೆಗಳ ದಾಸನಾಗಿದ್ದ ತಮ್ಮನಿಗಾಗಿ ಕೊಂಡದ್ದು. ಮೇಲಿನ ಚೀಟಿಯಲ್ಲಿ ಫ್ಲೇವನಾಯ್ಡ್ ಎಂಬ ಪದ ದಪ್ಪಕ್ಷರದಲ್ಲಿತ್ತು, ಪ್ರಮಾಣ ಎಲ್ಲೂ ಇರಲಿಲ್ಲ. ಆಸ್ಪತ್ರೆಯ ಮಾತ್ರೆಯೂ ಅಫೀಮಿನದೇ ತಾನೇ, ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುವುದು ಯಾಕೆಂದು ಮನೆಯವರು ಅದನ್ನು ನಿಲ್ಲಿಸಿ ಪುಡಿಗೆ ತಿರುಗಿದ್ದರು. ಈ ತರ್ಕ ತುಂಬ ಮನೆಗಳಲ್ಲಿದೆ, ಅದು ಪ್ರಾಣಕ್ಕೆ ಎರವಾಗುತ್ತದೆ. ಕೆಲವು ವಾರ ಬಿಟ್ಟ ದೇಹ ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಯಾತನೆ ತಡೆಯದೆ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಪುಡಿಯನ್ನು ಅಲ್ಲಿಯೇ ಇಟ್ಟು, ತಮ್ಮನನ್ನು ಮೊದಲಿನ ವೈದ್ಯರ ಬಳಿಗೇ ಕರೆದುಕೊಂಡು ಹೋಗಲು ಅವನಿಗೆ ಹೇಳಿದೆ. ಹೋದ. ಕೇಂದ್ರ ಸರ್ಕಾರದ 2019ರ ಸಮೀಕ್ಷಾ ವರದಿಯ ಪ್ರಕಾರ ದೇಶದಲ್ಲಿ ಅಫೀಮು ವರ್ಗದ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ, ಅವರಲ್ಲಿ ನೆರವಿನ ಅಗತ್ಯವಿರುವಷ್ಟು ಸಿಲುಕಿಕೊಂಡವರು ಸುಮಾರು 77 ಲಕ್ಷ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಡಬ್ಬಿಗಳು ಮಾತ್ರ ಅದಕ್ಕಿಂತ ಮೊದಲು ಮನೆ ತಲುಪುತ್ತವೆ.

ರಾಬಿನ್ಸನ್ ಈ ವ್ಯಾಪಾರದ ಬಗ್ಗೆ ಏನೆನ್ನುತ್ತಿದ್ದರು ಎಂದು ಊಹಿಸುವ ಉಸಾಬರಿ ನನಗೆ ಬೇಡ. ಅವರ ಕೆಲಸದ ಕ್ರಮ ಕಣ್ಣೆದುರಿಗಿದೆ: 1925ರಲ್ಲಿ ಬರೆದ ಒಂದು ಚಿತ್ರಕ್ಕೆ ಪೂರ್ಣ ಪ್ರಮಾಣ ಸಿಗಲು 27 ವರ್ಷ, ಆ ಚಿತ್ರದ ನೆರಳಿನಲ್ಲಿ ಬುಪ್ರಿನಾರ್ಫಿನ್ ಹುಟ್ಟಲು 41 ವರ್ಷ. ಗಿಡದೊಳಗೆ ಫ್ಲೇವನಾಯ್ಡ್‌ಗಳ ದಾರಿ ಫಿನೈಲಲನೀನ್ ಎಂಬ ಅಮೈನೋ ಆಮ್ಲದಿಂದ, ಮಾರ್ಫಿನ್ನಿನದು ಅದರ ಒಡಹುಟ್ಟಾದ ಟೈರೋಸೀನ್‌ನಿಂದ ಹೊರಡುತ್ತದೆ ಎಂಬುದು ಈಗ ನಮಗೆ ಗೊತ್ತು. ಹೂವೂ ಹಾಲೂ ಒಂದೇ ಉಗ್ರಾಣದ ಸರಕು.

ಗರ್ಟ್ರೂಡ್ 1954ರಲ್ಲಿ ತೀರಿಕೊಂಡರು. ಮೂರು ವರ್ಷಗಳ ಬಳಿಕ ರಾಬಿನ್ಸನ್ ಮರುಮದುವೆಯಾದರು. ಟೆಟ್ರಾಹೆಡ್ರನ್ ಎಂಬ ಸಂಶೋಧನ ಪತ್ರಿಕೆಯ ಸ್ಥಾಪನೆಯಲ್ಲಿ ಪಾಲುಗೊಂಡದ್ದೂ ಆ ವರ್ಷವೇ. 1975ರ ಫೆಬ್ರುವರಿ 8ರಂದು, 88ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಲ್ಲಿ ಶೇಷಾದ್ರಿಯವರೂ ಹೋದರು. ರಾಬಿನ್ಸನ್ನರ ಆತ್ಮಕಥೆಯ ಮೊದಲ ಸಂಪುಟ ಮರುವರ್ಷ ಹೊರಬಂತು. ಬೆಂಟ್ಲಿಯವರ ಬುಪ್ರಿನಾರ್ಫಿನ್ ಬ್ರಿಟನ್ನಿನಲ್ಲಿ ನೋವಿನ ಔಷಧವಾಗಿ ಬಳಕೆಗೆ ಬಂದದ್ದು 1978ರಲ್ಲಿ. ಅಮೆರಿಕ ಅದನ್ನು ಚಟದ ಚಿಕಿತ್ಸೆಗೆ ಒಪ್ಪಿದ್ದು 2002ರಲ್ಲಿ.